ಹಬ್ಬವೆಂಬ ಗೆಣ್ಣು

(ಸೆಪ್ಟೆಂಬರ್ 8, ಮಾತೆ ಮರಿಯಮ್ಮನವರ ಜನನದ ಹಬ್ಬದಂದು ಬಲಿಪೂಜೆಯಲ್ಲಿ ನೀಡಿದ ಪ್ರಬೋಧನೆ)



ಒಂಬತ್ತು ದಿನಗಳಿಂದ ನಮ್ಮೆಲ್ಲರ ಬಾಯಲ್ಲಿ ಒಂದೇ ಮಾತು: ಹಬ್ಬ. ಹಬ್ಬಕ್ಕೆ ಸುಣ್ಣ ಬಳಿದಾಯಿತು, ಹಬ್ಬಕ್ಕೆ ಬಟ್ಟೆ ತಂದಾಯಿತು, ಬೆಂಗಳೂರಿನಲ್ಲಿರುವ ಮಕ್ಕಳು ಹಬ್ಬಕ್ಕೆಂದು ರಜೆ ಹಾಕಿ ಬಂದಾಯಿತು. ಇಷ್ಟು ಸಲ ಆಡಿದ ಈ ಮಾತಿನ ಅರ್ಥವೇನು? ಇಂದು ಅದನ್ನೇ ಸ್ವಲ್ಪ ಕೆದಕಿ ನೋಡೋಣ.

ಹಳೆಗನ್ನಡದಲ್ಲಿ ಇದು 'ಪಬ್ಬ'. ಪಾಲು ಹಾಲಾಯಿತು, ಪೂ ಹೂವಾಯಿತು, ಪುಲಿ ಹುಲಿಯಾಯಿತು. ಹಾಗೆಯೇ ಪಬ್ಬ ಹಬ್ಬವಾಯಿತು. ತಮಿಳು ಮನೆಮಾತಿನವರು ಇಂದಿಗೂ ಪಾಲ್, ಪುಲಿ ಎನ್ನುತ್ತೀರಿ. ತೆಲುಗಿನಲ್ಲಿ ಪಬ್ಬಂ, ತುಳುವಿನಲ್ಲಿ ಪರ್ಬ, ಕೊಂಕಣಿಯಲ್ಲಿ ಪರಬ್. ಎಲ್ಲದರ ಬೇರು ಸಂಸ್ಕೃತದ 'ಪರ್ವ'. ಪರ್ವ ಎಂದ ಕೂಡಲೇ ಮಹಾಭಾರತದ ಹದಿನೆಂಟು ಪರ್ವಗಳು ನೆನಪಾಗುತ್ತವೆ. ಆದರೆ ಆ ಪದದ ಮೂಲಾರ್ಥ ಗ್ರಂಥದ ಭಾಗವೂ ಅಲ್ಲ, ಸಂಭ್ರಮವೂ ಅಲ್ಲ. ಅದರ ಅರ್ಥ ಗೆಣ್ಣು. ಬಿದಿರಿನ ಗೆಣ್ಣು, ಕಬ್ಬಿನ ಗೆಣ್ಣು, ನಮ್ಮ ಬೆರಳಿನ ಸಂದು. ತಿಂಗಳಿಗೂ ಗೆಣ್ಣುಗಳಿವೆ ಎಂದು ಹಿಂದಿನವರು ಕಂಡರು. ಒಂದು ಪಕ್ಷ ಮುಗಿದು ಇನ್ನೊಂದು ಕೂಡುವ ಹುಣ್ಣಿಮೆ, ಅಮಾವಾಸ್ಯೆಗಳನ್ನು ಪರ್ವದಿನ ಎಂದು ಕರೆದರು. ಅಲ್ಲಿಂದ ನಮ್ಮ ಹಬ್ಬ.

ಬೇರೆ ಭಾಷೆಗಳು ಇದನ್ನೇ ಬೇರೆ ಕಡೆಯಿಂದ ನೋಡಿವೆ. ಕರಾವಳಿಯ ನಮ್ಮ ಬಂಧುಗಳು ಇಂದು ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ 'ಮೊಂತಿ ಫೆಸ್ತ್' ಆಚರಿಸುತ್ತಾರೆ. ಫೆಸ್ತ್ ಪೋರ್ಚುಗೀಸರ ಮೂಲಕ ಲತೀನಿನಿಂದ ಬಂದದ್ದು. ಇಂಗ್ಲಿಷಿನ ಫೀಸ್ಟ್ ಕೂಡ ಅದೇ ಮನೆತನದ್ದೇ. ಅದಕ್ಕೆ ಹಬ್ಬ ಎಂದೂ ಅರ್ಥ, ಔತಣ ಎಂದೂ ಅರ್ಥ. (ಎರಡನೆಯ ಅರ್ಥವನ್ನು ಯಾರಿಗೂ ಕಲಿಸಬೇಕಾಗಿಲ್ಲ!) ಕೇರಳದವರಿಗೆ ಇದು 'ಪೆರುನ್ನಾಳ್', ಅಂದರೆ ದೊಡ್ಡ ದಿನ. ಹೀಬ್ರೂ ಭಾಷೆಯಲ್ಲಿ 'ಹಗ್' ಎಂದರೆ ಯಾತ್ರೆ ಹೋಗಿ ಆಚರಿಸುವ ಹಬ್ಬ. ಅರಬ್ಬಿಯ 'ಹಜ್' ಅದರ ದಾಯಾದಿ. ನಂಜನಗೂಡಿನ ದೊಡ್ಡ ಜಾತ್ರೆಯನ್ನು ನೆನೆಯಿರಿ, ಜಾತ್ರೆ ಎಂಬುದೂ ಯಾತ್ರೆಯೇ ಅಲ್ಲವೇ? ಯಾಜಕಕಾಂಡದ 23ನೇ ಅಧ್ಯಾಯವು ಹಬ್ಬಗಳನ್ನು 'ಮೋಯೇದ್' ಎಂದು ಕರೆಯುತ್ತದೆ. ಅದು ಗೊತ್ತುಮಾಡಿದ ವೇಳೆ, ನಿಗದಿಯಾದ ಭೇಟಿ. ಮರುಭೂಮಿಯಲ್ಲಿ ದೇವರು ಮೋಶೆಯನ್ನು ಭೇಟಿಯಾಗುತ್ತಿದ್ದ ಗುಡಾರದ ಹೆಸರಿನಲ್ಲೂ ಅದೇ ಪದವಿದೆ.

ಇವೆಲ್ಲವೂ ಚೆಂದವೇ. ಆದರೂ ಗೆಣ್ಣಿನ ಅರ್ಥವೇ ನನಗೆ ಹೆಚ್ಚು ಹಿಡಿಸಿತು. ಕಬ್ಬು ಗೊತ್ತಿಲ್ಲದ ಜನಕ್ಕೆ ಇದನ್ನು ವಿವರಿಸುವುದು ಕಷ್ಟ. ಅಳಗಂಚಿಯ ಸಕ್ಕರೆ ಕಾರ್ಖಾನೆಗೆ ಹೋಗುವ ಟ್ರಾಕ್ಟರುಗಳ ಹಿಂದೆ ನಿಂತು ನಿಂತು ಸಾಕಾಗಿರುವ ನಿಮಗೆ ವಿವರಿಸಬೇಕಾಗಿಲ್ಲ. ಕಬ್ಬು ತಿನ್ನುವಾಗ ಮಕ್ಕಳು ಗೆಣ್ಣನ್ನು ಬಿಟ್ಟುಬಿಡುತ್ತಾರೆ. ಅಲ್ಲಿ ರಸ ಕಡಿಮೆ, ನಾರು ಹೆಚ್ಚು, ಹಲ್ಲಿಗೆ ಕಷ್ಟ. ಆದರೆ ಬಿತ್ತನೆಗೆ ತುಂಡು ಕತ್ತರಿಸುವ ರೈತ ಏನು ನೋಡುತ್ತಾನೆ? ಗೆಣ್ಣಿನಲ್ಲಿರುವ ಕಣ್ಣನ್ನು. ಬೇರು ಬಿಡುವುದು ಅಲ್ಲೇ, ಮೊಳಕೆ ಬರುವುದೂ ಅಲ್ಲೇ. ಎರಡು ಗೆಣ್ಣುಗಳ ನಡುವಿನ ಸಿಹಿ ಭಾಗವನ್ನಷ್ಟೇ ನೆಟ್ಟರೆ ಅದು ಮಣ್ಣಿನಲ್ಲಿ ಕೊಳೆಯುತ್ತದೆ.

ಈಗ ಇಂದಿನ ಶುಭಸಂದೇಶಕ್ಕೆ ಬನ್ನಿ. ಮತ್ತಾಯನು ಬರೆದ ಆ ಉದ್ದನೆಯ ವಂಶಾವಳಿಯನ್ನು ಓದುವಾಗ ಎಷ್ಟೋ ಜನರಿಗೆ ಆಕಳಿಕೆ ಬಂದದ್ದನ್ನು ಕಂಡೆ, ಬೇಸರವಿಲ್ಲ. ಅದನ್ನೊಂದು ಕಬ್ಬಿನ ಜಲ್ಲೆಯಂತೆ ಹಿಡಿದು ನೋಡಿ. ಅಬ್ರಹಾಮನಿಂದ ದಾವೀದನವರೆಗೆ 14 ತಲೆಮಾರು, ಅಲ್ಲೊಂದು ಗೆಣ್ಣು. ದಾವೀದನಿಂದ ಬಾಬಿಲೋನಿನ ಸೆರೆವಾಸದವರೆಗೆ 14, ಅಲ್ಲೊಂದು. ಅಲ್ಲಿಂದ ಕ್ರಿಸ್ತನವರೆಗೆ 14. ದಾವೀದನದು ವೈಭವದ ಗೆಣ್ಣು. ಸೆರೆವಾಸದ್ದು ಕಣ್ಣೀರಿನ ಗೆಣ್ಣು. ಊರು ಹೋಯಿತು, ದೇವಾಲಯ ಹೋಯಿತು. ಆದರೂ ವಂಶ ಮುರಿಯಲಿಲ್ಲ, ಅಲ್ಲಿಂದಲೇ ಮತ್ತೆ ಚಿಗುರಿತು. ಆ ಚಿಗುರಿನ ತುದಿಯಲ್ಲಿ ಇಂದು ಹುಟ್ಟಿದ ಮಗು ಮರಿಯಮ್ಮನವರು ಇದ್ದಾರೆ.

ಆ ಪಟ್ಟಿಯ ಆರಂಭದಲ್ಲೇ ಒಂದು ಸಣ್ಣ ಮಾತಿದೆ, ಗಮನಿಸಿದಿರೋ ಇಲ್ಲವೋ. ಯಕೋಬನು ಯೆಹೂದನಿಗೆ ತಂದೆ ಎಂದಿದ್ದರೆ ಸಾಕಿತ್ತು. ಆದರೆ ಮತ್ತಾಯ ಅವನ ಸಹೋದರರನ್ನೂ ಸೇರಿಸುತ್ತಾನೆ. ಯಾರು ಆ ಸಹೋದರರು? ತಮ್ಮನಾದ ಜೋಸೆಫನನ್ನು ಹಣಕ್ಕೆ ಮಾರಿದವರು. ಬರಗಾಲದಲ್ಲಿ ಈಜಿಪ್ಟಿಗೆ ಧಾನ್ಯಕ್ಕೆ ಹೋದಾಗ ಅವನೇ ಇವರ ಕುತ್ತಿಗೆ ತಬ್ಬಿ ಅತ್ತನಲ್ಲ, ಅದೂ ಒಂದು ಗೆಣ್ಣು. ಅದಿಲ್ಲದಿದ್ದರೆ ಈ ಜಲ್ಲೆ ಮುಂದೆ ಬೆಳೆಯುತ್ತಲೇ ಇರಲಿಲ್ಲ.

ನಮ್ಮ ಧರ್ಮಕೇಂದ್ರದಲ್ಲೂ ಅಣ್ಣತಮ್ಮಂದಿರಿದ್ದಾರೆ. ಹೆಸರು ಹೇಳುವುದಿಲ್ಲ, ನಿಮಗೇ ಗೊತ್ತು. ಗದ್ದೆಯ ಬದುವಿಗೋ, ನಾಲೆಯ ನೀರಿನ ಸರದಿಗೋ, ಅಮ್ಮನ ಒಡವೆಗೋ ಮಾತು ಬಿಟ್ಟವರು. ಇಬ್ಬರೂ ಹಬ್ಬಕ್ಕೆ ಚಂದಾ ಕೊಡುತ್ತಾರೆ, ಇಬ್ಬರೂ ಬಲಿಪೂಜೆಗೆ ಬರುತ್ತಾರೆ. ಒಬ್ಬರು ಈ ಬದಿಯ ಬೆಂಚು, ಇನ್ನೊಬ್ಬರು ಆ ಬದಿಯ ಬೆಂಚು. ಅವರ ಮಕ್ಕಳು ಒಂದೇ ಧರ್ಮೋಪದೇಶ ತರಗತಿಯಲ್ಲಿ ಕುಳಿತರೂ ದೊಡ್ಡಪ್ಪ ಎದುರಾದರೆ ತಲೆ ತಗ್ಗಿಸಿ ಹೋಗಬೇಕು. ಇಂಥ ಹಬ್ಬಕ್ಕೆ ಎಷ್ಟು ಸೀರಿಯಲ್ ಲೈಟು ಹಾಕಿದರೇನು? ನನ್ನನ್ನು ಕೇಳಿದರೆ ಆ ಹಣದಲ್ಲಿ ಅರ್ಧ ಉಳಿಸಿ ಎನ್ನುತ್ತೇನೆ.

ನಂಜನಗೂಡನ್ನು ದಾಟಿ ಬರುವ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತಾಳೆ. ಕೂಡಲು ಎಂದರೆ ಕೂಡುವ ಜಾಗ. ನೀವು ಹುಟ್ಟಿ ಬೆಳೆದದ್ದು ಇಂಥ ನೀರಿನ ದಡದಲ್ಲಿ. ಸಂತ ಪೌಲರೂ ಕೊಲೊಸ್ಸೆಯ ಕ್ರೈಸ್ತರಿಗೆ ಬರೆಯುವಾಗ ಕೀಲುಗಳ ಮಾತನ್ನೇ ಆಡುತ್ತಾರೆ: ಕೀಲು ನರಗಳಿಂದ ಕೂಡಿಕೊಂಡ ದೇಹವೇ ಶಿರಸ್ಸಾದ ಕ್ರಿಸ್ತರಿಂದ ಪೋಷಣೆ ಪಡೆದು ಬೆಳೆಯುತ್ತದೆ. ಕೀಲು ತಪ್ಪಿದ ಕೈಗೆ ಬಳೆ ತೊಡಿಸಿ ಪ್ರಯೋಜನವಿಲ್ಲ. ಮೊದಲು ಕೀಲು ಕೂಡಿಸಬೇಕು. ಕೂಡಿಸುವಾಗ ನೋವಾಗುತ್ತದೆ ಎಂಬುದೂ ನಿಜ. ಯಾರು ಮೊದಲು ಮಾತನಾಡಬೇಕು ಎಂದು ಕೇಳುತ್ತೀರಿ. ಬಲಿಪೀಠದ ಮುಂದೆ ಕಾಣಿಕೆಯನ್ನು ಬಿಟ್ಟು ಹೋಗು ಎಂದ ಯೇಸುಸ್ವಾಮಿ, ತಪ್ಪು ಯಾರದೆಂಬ ವಿಚಾರಣೆ ನಡೆಸಲಿಲ್ಲ. ನೆನಪಾದವನು ಎದ್ದು ಹೋಗಲಿ ಎಂದರು, ಅಷ್ಟೆ.

ಇನ್ನು ಸ್ವಲ್ಪ ಹೊತ್ತಿನಲ್ಲಿ, ಪರಸ್ಪರ ಶಾಂತಿಯನ್ನು ಕೋರಿರಿ ಎಂದು ನಾನು ಹೇಳುತ್ತೇನೆ. ಪಕ್ಕದವರಿಗೆ ಕೈಮುಗಿದು ಅಲ್ಲಿಗೇ ಮುಗಿಸಬೇಡಿ. ಆ ಬದಿಯ ಬೆಂಚಿಗೆ ಎದ್ದು ಹೋಗಬೇಕಾದವರು ಹೋಗಿ ಬನ್ನಿ. ಗಾಯನವೃಂದದವರು ಆತುರಪಟ್ಟು ಹಾಡು ಎತ್ತದಿರಲಿ. ನಾನು ಕಾಯುತ್ತೇನೆ. ಹೊರಗೆ ಅಲಂಕಾರ ಮಾಡಿ ನಿಲ್ಲಿಸಿರುವ ತೇರು ಕೂಡ ಕಾಯುತ್ತದೆ.