ಗುರುತಿನ ಕಳವು: ನಾಗರಿಕರು ವಹಿಸಬೇಕಾದ ಎಚ್ಚರ



ದೇಶದ ಪಾಸ್‌ಪೋರ್ಟ್ ಪುಸ್ತಿಕೆಗಳು ಅಚ್ಚಾಗುವುದು ನಾಸಿಕ್ ರೋಡಿನ ಭಾರತ ಭದ್ರತಾ ಮುದ್ರಣಾಲಯದಲ್ಲಿ. ಖಾನಾಪುರ ಮೂಲದ ಅಬ್ದುಲ್ ಕರೀಂ ತೆಲಗಿ ಈ ಮುದ್ರಣಾಲಯದಿಂದ ವಿಲೇವಾರಿಯಾದ ಹಳೆಯ ಯಂತ್ರಗಳನ್ನೇ ಸಂಪಾದಿಸಿ ನಕಲಿ ಛಾಪಾ ಕಾಗದ ಅಚ್ಚು ಹಾಕಿಸಿದನು. 2001ರಲ್ಲಿ ಅವನ ಬಂಧನವಾಗುವ ವೇಳೆಗೆ ಆ ಕಾಗದ ಹಲವು ರಾಜ್ಯಗಳಲ್ಲಿ ಹರಡಿತ್ತು. ಅಂದು ವಂಚಕನಿಗೆ ಯಂತ್ರ, ಕಾಗದ, ಮಸಿ ಎಲ್ಲವೂ ಬೇಕಾಗಿದ್ದವು. ಇಂದು ಅನ್ಯರ ಗುರುತಿನ ಚೀಟಿಯ ಒಂದು ಜೆರಾಕ್ಸ್ ಪ್ರತಿ ಹಾಗೂ ಒಂದು ಮೊಬೈಲ್ ಫೋನಿನಿಂದಲೇ ವಂಚನೆ ಆರಂಭವಾಗಬಹುದು.

ನಾಸಿಕ್ ಜಿಲ್ಲೆಯ ತ್ರ್ಯಂಬಕೇಶ್ವರಕ್ಕೂ ಛತ್ರಪತಿ ಸಂಭಾಜಿನಗರದ ಸಮೀಪದ ಘೃಷ್ಣೇಶ್ವರಕ್ಕೂ ಕರ್ನಾಟಕದ ಯಾತ್ರಿಕರು ಹೋಗಿಬರುತ್ತಾರೆ. ತಂಗುವ ಕಡೆಗಳಲ್ಲಿ ಆಧಾರ್ ಪ್ರತಿಯನ್ನು ಕೊಡುತ್ತಾರೆ. ಅದು ಮುಂದೆ ಯಾರ ಕೈ ಸೇರಿತೆಂದು ವಿಚಾರಿಸುವವರು ವಿರಳ. ದುರುಳರ ಕೈ ಸೇರಿದಲ್ಲಿ ಆ ಹೆಸರಿನಲ್ಲಿ ಸಿಮ್ ಪಡೆಯುವ, ಖಾತೆ ತೆರೆಯುವ, ಸಾಲ ಎತ್ತುವ ಯತ್ನ ನಡೆಯಬಹುದು. ಸಾಲದ ತಗಾದೆ ಮಾತ್ರ ಏನೂ ಅರಿಯದ ಯಾತ್ರಿಕರ ಮನೆಬಾಗಿಲಿಗೆ ಬರುತ್ತದೆ.

ಆದುದರಿಂದ ಕೆಲವು ಮುನ್ನೆಚ್ಚರಿಕೆಗಳು ಅವಶ್ಯ. ಆಧಾರ್ ಸಂಖ್ಯೆಯ ಕೊನೆಯ 4 ಅಂಕಿಗಳು ಮಾತ್ರ ಕಾಣುವ ಪ್ರತಿಯು ವಿಶಿಷ್ಟ ಗುರುತು ಪ್ರಾಧಿಕಾರದ ಜಾಲತಾಣದಲ್ಲಿ ದೊರೆಯುತ್ತದೆ. ಸಾಧ್ಯವಿರುವೆಡೆ ಅದನ್ನೇ ಕೊಡಬೇಕು. ಕೊಡುವ ಪ್ರತಿಯ ಮೇಲೆ ಉದ್ದೇಶ ಮತ್ತು ದಿನಾಂಕವನ್ನು ಬರೆಯುವುದು ಒಳಿತು. ಬೆರಳಚ್ಚಿನ ದುರುಪಯೋಗವಾಗದಂತೆ ಬಯೋಮೆಟ್ರಿಕ್ ವಿವರಗಳಿಗೆ ಬೀಗ ಹಾಕುವ ಸೌಲಭ್ಯವೂ ಅಲ್ಲಿದೆ. ತಮ್ಮ ಹೆಸರಿನಲ್ಲಿ ಎಷ್ಟು ಮೊಬೈಲ್ ಸಂಪರ್ಕಗಳಿವೆ ಎಂಬುದನ್ನು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ತಾಣದಲ್ಲಿ ನೋಡಬಹುದು. ತಮ್ಮದಲ್ಲದ ಸಂಪರ್ಕವಿದ್ದರೆ ಅಲ್ಲಿಯೇ ದೂರು ನೀಡಬಹುದು. ತಮ್ಮ ಹೆಸರಿನ ಸಾಲಗಳ ವರದಿಯನ್ನು ಸಾಲ ಮಾಹಿತಿ ಸಂಸ್ಥೆಗಳಿಂದ ವರ್ಷಕ್ಕೊಮ್ಮೆ ಉಚಿತವಾಗಿ ಪಡೆಯಬಹುದು. ಫೋನಿಗೆ ಬಂದ ಒಟಿಪಿಯನ್ನು ಯಾರಿಗೂ, ಅಧಿಕಾರಿಯೆಂದು ಹೇಳಿಕೊಳ್ಳುವವರಿಗೂ, ತಿಳಿಸಲಾಗದು.

ಹಣ ಹೋಗಿದ್ದಲ್ಲಿ ಕೂಡಲೇ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಬೇಕು. ವಂಚಕರು ಹಣವನ್ನು ಖಾತೆಯಿಂದ ಖಾತೆಗೆ ಶೀಘ್ರವಾಗಿ ದಾಟಿಸುತ್ತಾರೆ. ಬೇಗ ದೂರಿತ್ತರೆ ನಡುದಾರಿಯಲ್ಲೇ ತಡೆಹಿಡಿಯಲು ಅವಕಾಶವಿರುತ್ತದೆ. ಅನ್ಯರ ಪಾಸ್‌ವರ್ಡ್ ಮೊದಲಾದ ಗುರುತಿನ ಸಾಧನಗಳನ್ನು ವಂಚನೆಯಿಂದ ಬಳಸುವವರಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನನ್ವಯ 3 ವರ್ಷಗಳವರೆಗೆ ಸೆರೆವಾಸ ಹಾಗೂ 1 ಲಕ್ಷ ರೂಪಾಯಿಗಳವರೆಗೆ ದಂಡವುಂಟು.

ಮೋಸಹೋದವರು ನಾಚಿಕೆಯಿಂದ ಸುಮ್ಮನಿರುವುದೇ ವಂಚಕರಿಗೆ ದೊಡ್ಡ ಅನುಕೂಲ. ಮನೆಯ ಹಿರಿಯರು ಯಾತ್ರೆಗೆ ಹೊರಡುವ ಮುನ್ನ ಕಿರಿಯರು ಈ ವಿಷಯಗಳನ್ನು ಅವರಿಗೆ ಸಮಾಧಾನದಿಂದ ತಿಳಿಹೇಳಿ, 1930 ಎಂಬ ಸಂಖ್ಯೆಯನ್ನು ಬರೆದುಕೊಡಲಿ.