ಓದಿ ಕೊಡ್ತೇನಿ



ಕೊಟ್ಟವ ಕೋಡಂಗಿ, ಇಸ್ಕೊಂಡವ ಈರಭದ್ರ ಅಂತ ಒಂದು ಗಾದೆ ಇದೆಯಲ್ಲ, ಅದು ಸಾಲದ ದುಡ್ಡಿನ ಮೇಲೆ ಹುಟ್ಟಿದ್ದು ಅಂತ ಎಲ್ಲರೂ ತಿಳಿದಿದ್ದಾರೆ. ನನಗೆ ಮಾತ್ರ ಅದು ಪುಸ್ತಕದ ಮೇಲೆ ಹುಟ್ಟಿದ್ದು ಅಂತ ಮೊದಲಿನಿಂದಲೂ ಗುಮಾನಿ. ದುಡ್ಡು ಕೊಟ್ಟವನು ಬಡ್ಡಿ ಕೇಳಬಹುದು, ಮನೆ ಬಾಗಿಲಿಗೆ ಹೋಗಿ ಕೂಡಬಹುದು. ಪುಸ್ತಕ ಕೊಟ್ಟವನು ಏನು ಮಾಡಬೇಕು? "ಓದಿ ಆತೇನ್ರಿ?" ಅಂತ ಕೇಳುವುದಕ್ಕೂ ಸಂಕೋಚ. ಕೇಳಿದರೆ ತನಗೇ ಅವಮಾನ.

1983ರಲ್ಲಿ ನಾನು ಹಾಗೆ ಕೋಡಂಗಿಯಾದೆ. ನಮ್ಮ ಅಜ್ಜನ ಕಾಲದ ಒಂದು ದಪ್ಪ ಪುಸ್ತಕ, ಕೆಂಪು ಅರಿವೆಯ ರಟ್ಟು, ಬೆನ್ನಿನ ಹೊಲಿಗೆ ಬಿಟ್ಟದ್ದು. ಗಳಗನಾಥರ 'ಮಾಧವ ಕರುಣಾವಿಲಾಸ'. ನಮ್ಮ ಸಾಲೆಯಲ್ಲಿ ನನ್ನ ಜೊತೆ ಕಲಿಸುತ್ತಿದ್ದ ಗೆಳತಿಯ ಮುಂದೆ ಅದನ್ನು ಹೊಗಳಿದ್ದೇ ಹೊಗಳಿದ್ದು. "ಹಂಗಾದ್ರ ಕೊಡು, ಓದಿ ಕೊಡ್ತೇನಿ" ಅಂದಳು. ಕೊಟ್ಟೆ. ಮುಂದಿನ ವರ್ಷ ಅವಳಿಗೆ ಬೇರೆ ಊರಿಗೆ ವರ್ಗವಾಯಿತು. ಅವಳ ಪಾತ್ರೆ, ಪಲ್ಲಂಗ, ತುಳಸಿಕಟ್ಟೆಯ ಜೊತೆ ನನ್ನ ಪುಸ್ತಕವೂ ಲಾರಿ ಹತ್ತಿತು. ಅದರ ಕತೆಗೆ ಆಮೇಲೆ ಬರುತ್ತೇನೆ.

"ಇದನ್ನೊಂದು ಓದು ನೋಡು" ಎಂಬ ಮಾತು ಕನ್ನಡದಲ್ಲಿ ಯಾವಾಗಿನಿಂದ ಶುರುವಾಯಿತು ಅಂತ ನೀವು ಕೇಳಿದರೆ, ನಾನು ಬೆರಳು ಮಾಡುವುದು ಗದಗಿನ ಹತ್ತಿರದ ಲಕ್ಕುಂಡಿಯ ಕಡೆಗೆ. ಸಾವಿರ ವರ್ಷದ ಹಿಂದಿನ ಅತ್ತಿಮಬ್ಬೆಯ ಕಡೆಗೆ. ಆಕೆಯ ತಂದೆ ಮಲ್ಲಪಯ್ಯನೂ ಚಿಕ್ಕಪ್ಪ ಪುನ್ನಮಯ್ಯನೂ ತಮ್ಮ ಗುರುವಿನ ನೆನಪಿಗೆ ಪೊನ್ನನಿಂದ 'ಶಾಂತಿಪುರಾಣ' ಬರೆಸಿದ್ದರು. ಅಂದರೆ ಅದು ಆಕೆಯ ತವರುಮನೆಯ ಪುಸ್ತಕ. ಆಕೆ ಅದರ ಸಾವಿರ ಪ್ರತಿ ಮಾಡಿಸಿ ಹಂಚಿದಳು. ಸಾವಿರ! ಒಂದೊಂದು ಗರಿಯನ್ನೂ ಹದ ಮಾಡಿ, ಕಬ್ಬಿಣದ ಕಂಟದಿಂದ ಕೊರೆದು, ಮಸಿ ತೀಡಿ, ತೂತಿಗೆ ದಾರ ಪೋಣಿಸಿ. ಇವತ್ತು ಯಂತ್ರ, ಕಾಗದ, ಅಂಚೆ ಎಲ್ಲ ಇದ್ದೂ ನಮ್ಮ ಪ್ರಕಾಶಕರು ಹೊಸ ಕಾದಂಬರಿ ಅಚ್ಚು ಹಾಕುವುದು ಎಷ್ಟು ಪ್ರತಿ ಗೊತ್ತೇ? ಹೆಚ್ಚಾಗಿ ಅದೇ ಸಾವಿರ. ವಿದ್ವಾಂಸರು ಅತ್ತಿಮಬ್ಬೆಯದು ಶಾಸ್ತ್ರದಾನ, ಧರ್ಮಕಾರ್ಯ ಅನ್ನುತ್ತಾರೆ. ಇರಲಿ. ನನ್ನ ಕಣ್ಣಿಗೆ ಆಕೆ, ತನಗೆ ಹಿಡಿಸಿದ ಪುಸ್ತಕವನ್ನು ಊರಿಗೆಲ್ಲ ಓದಿಸದೆ ನಿದ್ದೆ ಬಾರದ ಹೆಣ್ಣುಮಗಳು. ಅಂಥವರು ನಿಮ್ಮ ಓಣಿಯಲ್ಲೂ ಒಬ್ಬರು ಇರುತ್ತಾರೆ.

ಕೊಡುವವರು ಇದ್ದಂತೆ ಹೆದರುವವರೂ ಇದ್ದರು. ಹಳೆಯ ಓಲೆಗರಿಗಳ ಕೊನೆಯಲ್ಲಿ ಪ್ರತಿ ಮಾಡಿದವನು ಒಂದು ಸಂಸ್ಕೃತ ಶ್ಲೋಕ ಕೊರೆದಿಡುವ ರೂಢಿ ಇತ್ತು. ಅಲ್ಲಿ ಪುಸ್ತಕವೇ ಬಾಯಿಬಿಟ್ಟು ಬೇಡಿಕೊಳ್ಳುತ್ತದೆ: ನನ್ನನ್ನು ಎಣ್ಣೆಯಿಂದ ಕಾಪಾಡಿ, ನೀರಿನಿಂದ ಕಾಪಾಡಿ, ಸಡಿಲ ಕಟ್ಟಿನಿಂದ ಕಾಪಾಡಿ, ಮೂರ್ಖನ ಕೈಗೆ ಮಾತ್ರ ಕೊಡಬೇಡಿ ಅಂತ. ಬೆನ್ನು, ಸೊಂಟ, ಕುತ್ತಿಗೆ ಮುರಿದುಕೊಂಡು ಬರೆದವನ ಸಂಕಟ ಅದು. ಎಣ್ಣೆ ನೀರಿನ ಮಾತು ಸರಿ. ಆದರೆ ಮೂರ್ಖ ಯಾರು, ಅಲ್ಲ ಯಾರು ಅಂತ ಕೊಡುವ ಮೊದಲು ಗೊತ್ತಾಗಬೇಕಲ್ಲ!

ಮುಂದಿನ ಕೆಲವು ನೂರು ವರ್ಷಗಳನ್ನು ನಾನು ಓಡಿಸಿಬಿಡುತ್ತೇನೆ. ಗರಿ ಕೆಲವರ ಮನೆಯಲ್ಲಿತ್ತು, ಕಿವಿ ಎಲ್ಲರಿಗೂ ಇತ್ತು. ಮಳೆಗಾಲದ ರಾತ್ರಿ ಗುಡಿಯ ಪೌಳಿಯಲ್ಲಿ ಒಬ್ಬರು ಕುಮಾರವ್ಯಾಸನನ್ನೋ ಜೈಮಿನಿಯನ್ನೋ ರಾಗವಾಗಿ ಓದಿದರೆ ಊರೆಲ್ಲ ಓದಿದಂತೆಯೇ. ಆಮೇಲೆ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರ ಅಚ್ಚುಕೂಟ ಬಂತು, ಧಾರವಾಡದಲ್ಲಿ 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಬಂತು. ಪುಸ್ತಕ ಅಚ್ಚಾಗತೊಡಗಿತು. ಆದರೆ ಅಚ್ಚಾದದ್ದು ಓದುವವರ ಕೈಗೆ ಹೋಗುವುದು ಹೇಗೆ?

ಇಲ್ಲಿ ನಾನು ಸ್ವಲ್ಪ ಹೊತ್ತು ಕೂಡುತ್ತೇನೆ, ನನ್ನ ಪ್ರೀತಿಯ ಮನುಷ್ಯ ಬರುತ್ತಾನೆ.

ಹಾವೇರಿ ಸೀಮೆಯಲ್ಲಿ ವರದೆ ತುಂಗಭದ್ರೆಯನ್ನು ಕೂಡುವಲ್ಲಿ ಗಳಗನಾಥ ಅಂತ ಊರು. 1869ರಲ್ಲಿ ಅಲ್ಲಿ ಹುಟ್ಟಿದವರು ವೆಂಕಟೇಶ ತಿರಕೋ ಕುಲಕರ್ಣಿ. ಊರ ಹೆಸರನ್ನೇ ಹೊತ್ತು ಗಳಗನಾಥರಾದರು. ವೃತ್ತಿ, ಸಾಲಿ ಮಾಸ್ತರಿಕೆ. ಆಗಿನ ನಮ್ಮ ಸೀಮೆ ಮುಂಬಯಿ ಇಲಾಖೆಗೆ ಸೇರಿದ್ದು. ಓದು ಬಲ್ಲವರ ಮನೆಯಲ್ಲಿ ಮರಾಠಿ ಕಾದಂಬರಿ, ಅದರಲ್ಲೂ ಹರಿ ನಾರಾಯಣ ಆಪಟೆಯವರದು. ಗಳಗನಾಥರು ಆಪಟೆಯವರನ್ನು ಕನ್ನಡಕ್ಕೆ ತಂದರು, ತಮ್ಮವನ್ನೂ ಬರೆದರು, ಅಗಡಿಯ ಆನಂದವನದಿಂದ ಹೊರಡುತ್ತಿದ್ದ 'ಸದ್ಬೋಧ ಚಂದ್ರಿಕೆ' ಮಾಸಪತ್ರಿಕೆಯನ್ನು ನಡೆಸಿದರು. ಆಮೇಲೆ ಪುಸ್ತಕದ ಗಂಟು ಹೊತ್ತು ಊರೂರು ತಿರುಗಿದರು. ಬರೆದವನೇ ಹಮಾಲ, ಬರೆದವನೇ ಅಂಗಡಿ.

ಕಾದಂಬರಿ ಪಿತಾಮಹ ಅನ್ನುತ್ತಾರೆ ಅವರನ್ನು. ಪಿತಾಮಹ ಅಂದರೆ ಶಾಲು ಹೊದ್ದು ಕುರ್ಚಿಯಲ್ಲಿ ಕೂತವರು ಕಣ್ಣಿಗೆ ಬರುತ್ತಾರೆ. ನನಗೆ ಕಾಣುವುದೇ ಬೇರೆ: ಎರೆಮಣ್ಣಿನ ಹಾದಿ, ಬಿಸಿಲು, ತಲೆಯ ಮೇಲೆ ಗಂಟು, ಯಾರದೋ ಮನೆಯ ಕಟ್ಟೆ. ಗಂಟು ಇಳಿಸಿ ನೀರು ಕುಡಿದ ಮೇಲೆ ಅವರು ಮೊದಲು ಬೆಲೆ ಹೇಳಿರಲಿಕ್ಕಿಲ್ಲ, ಕತೆ ಶುರುಮಾಡಿರಬೇಕು. ವಿಜಯನಗರ ಹುಟ್ಟಿದ ಕತೆ, ವಿದ್ಯಾರಣ್ಯರ ಕತೆ. ಒಳ್ಳೇ ಕಡೆ ನಿಲ್ಲಿಸಿ "ಉಳಿದದ್ದು ಇದರೊಳಗ ಅದ" ಅಂದಿರಬೇಕು. ಇದು ನನ್ನ ಕಲ್ಪನೆ, ಆದರೆ ಪುಸ್ತಕ ಓದಿಸಿದವರು ಯಾರೇ ಆದರೂ ಹೀಗಲ್ಲದೆ ಹೇಗೆ ಓದಿಸಿದ್ದಾರೆ ಹೇಳಿ? 1942ರಲ್ಲಿ ತೀರಿಕೊಂಡರು. ಬಡತನ ಅವರನ್ನು ಬಿಡಲಿಲ್ಲ. ಒಂದು ತಲೆಮಾರಿಗೆ ಕನ್ನಡ ಓದುವ ಚಟ ಹಚ್ಚಿ ಹೋದವರಿಗೆ ನಾವು ಕೊಟ್ಟದ್ದು ಒಂದು ಬಿರುದು. ಇದು ನೆನಪಾದಾಗಲೆಲ್ಲ ನನಗೆ ಕೆಡುಕೆನಿಸುತ್ತದೆ.

ಗಂಟಿನ ಪುಸ್ತಕ ಮುಂದೆ ಅಟ್ಟ ಹತ್ತಿತು. 1933ರಲ್ಲಿ ಧಾರವಾಡದಲ್ಲಿ ಜಿ. ಬಿ. ಜೋಶಿಯವರ ಮನೋಹರ ಗ್ರಂಥಮಾಲೆ ಶುರುವಾಯಿತು. ಚಂದಾದಾರರಾದರೆ ಪುಸ್ತಕ ಮನೆಗೇ ಬರುತ್ತದೆ. ಅದಕ್ಕಿಂತ ದೊಡ್ಡದು, ಆ ಗ್ರಂಥಮಾಲೆಯ ಅಟ್ಟದ ಹರಟೆ. ಅಲ್ಲಿಗೆ ಬರುತ್ತಿದ್ದ ಕೀರ್ತಿನಾಥ ಕುರ್ತಕೋಟಿಯವರು, ಕನ್ನಡದಲ್ಲಿ ಐತಿಹಾಸಿಕ ನಾಟಕ ಅನ್ನುವಂಥದ್ದು ಇಲ್ಲ ಎಂದು ಆಕ್ಷೇಪಿಸಿದ್ದರು. ಆ ಮಾತು ತರುಣ ಗಿರೀಶ ಕಾರ್ನಾಡರನ್ನು ಚುಚ್ಚಿತು. ಇತಿಹಾಸದ ಪುಸ್ತಕ ಹಿಡಿದು ಕೂತರು, ಓದುತ್ತ ಓದುತ್ತ ಮಹಮ್ಮದ್ ತುಘಲಕನಲ್ಲಿಗೆ ಬಂದು ನಿಂತರು. 1964ರಲ್ಲಿ 'ತುಘಲಕ್' ಬಂತು. ಗೆಳೆಯರ ನಡುವೆ ಆಡಿದ ಮಾತು ಎಲ್ಲಿ ಹೋಗಿ ಮೊಳೆಯುತ್ತದೆ ನೋಡಿ.

ಆದರೆ ಅಟ್ಟ ಹತ್ತಿದವರೆಲ್ಲ ಹೆಚ್ಚಾಗಿ ಗಂಡಸರು. ಹೆಂಗಸರ ಅಟ್ಟ ಹಿತ್ತಲು. ಅರವತ್ತು ಎಪ್ಪತ್ತರ ದಶಕದಲ್ಲಿ ಮಧ್ಯಾಹ್ನ ಹಿತ್ತಲ ಗೋಡೆಯ ಮೇಲಿಂದ ಸಾರಿನ ಗಿಂಡಿ ಈ ಕಡೆ ಬರುತ್ತಿತ್ತು, ತ್ರಿವೇಣಿಯವರ ಕಾದಂಬರಿ ಆ ಕಡೆ ಹೋಗುತ್ತಿತ್ತು. ತ್ರಿವೇಣಿ 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ, ತೀರಿಕೊಂಡಾಗ ನಮ್ಮ ಅವ್ವ ಮನೆಮಂದಿ ಹೋದಂತೆ ಅತ್ತಳಂತೆ. ವಾರಪತ್ರಿಕೆಯ ಧಾರಾವಾಹಿ ಹಾಳೆಗಳನ್ನು ಹರಿದಿಟ್ಟುಕೊಂಡು, ಗೋಣಿಚೀಲ ಹೊಲಿಯುವ ದಬ್ಬಣದಿಂದ ಪೋಣಿಸಿ ಅವಳೇ ಪುಸ್ತಕ ಮಾಡುತ್ತಿದ್ದಳು. ಅದು ಓಣಿಯೆಲ್ಲ ತಿರುಗಿ ಬರುವಷ್ಟರಲ್ಲಿ ಹಾಳೆಗೆ ಅರಿಶಿಣ, ಎಣ್ಣೆ, ಒಗ್ಗರಣೆಯ ವಾಸನೆ. ಓಲೆಗರಿಯವನು ಅಂಜಿದ್ದೆಲ್ಲ ಆಗಿರುತ್ತಿತ್ತು. ದಿನಕ್ಕೆ ಹತ್ತು ಪೈಸೆಯ ಬಾಡಿಗೆ ಲೈಬ್ರರಿಯ ಪುಸ್ತಕವಾದರೆ ಅಂಚಿನಲ್ಲಿ ಪೆನ್ಸಿಲ್ಲಿನ ಟಿಪ್ಪಣಿ. ಒಂದರ ಮೊದಲ ಪುಟದಲ್ಲೇ ಯಾರೋ ಪುಣ್ಯಾತ್ಮರು "ಕೊನೆಗೆ ಇವಳು ಸಾಯ್ತಾಳ" ಅಂತ ಬರೆದಿದ್ದರು. ಆದರೂ ಓದಿದೆವು. ಆದರೂ ಅತ್ತೆವು.

ಈಗ ಮೊಬೈಲಿಗೆ ದಿನಕ್ಕೆ ನಾಲ್ಕು ರಕ್ಷಾಪುಟದ ಚಿತ್ರ ಬರುತ್ತವೆ, ಓದಲೇಬೇಕಾದದ್ದು ಅಂತ. ಕಳಿಸಿದವರಿಗೆ ಏನೂ ಕಳೆಯುವುದಿಲ್ಲ. ಅದಕ್ಕೇ ಇರಬೇಕು, ನನಗೂ ಓದಬೇಕು ಅನ್ನಿಸುವುದಿಲ್ಲ. ಹೋದರೂ ಹೋಗಲಿ ಅಂತ ಎದೆ ಗಟ್ಟಿಮಾಡಿ ಕೈಗಿಟ್ಟ ಪುಸ್ತಕದ ಮಾತೇ ಬೇರೆ.

ನನ್ನ ಹೋದ ಪುಸ್ತಕದ ಕತೆಗೆ ಬರುತ್ತೇನೆ. ನಾಲ್ಕು ವರ್ಷದ ಹಿಂದೆ ಆ ಗೆಳತಿ ತೀರಿಕೊಂಡ ಸುದ್ದಿ ಬಂತು. ಮಾತಾಡಿಸಲು ಅವಳ ಮಗಳ ಮನೆಗೆ ಹೋದೆ. ಕಪಾಟಿನಲ್ಲಿ ಕೆಂಪು ರಟ್ಟು. ಬೆನ್ನಿಗೆ ಹೊಸ ಹೊಲಿಗೆ. ತೆಗೆದು ನೋಡಿದರೆ ಅಜ್ಜನ ಸಹಿಯ ಕೆಳಗೆ ಬೇರೆ ಬೇರೆ ಶಾಯಿಯಲ್ಲಿ ಹನ್ನೊಂದು ಹೆಸರು, ಹನ್ನೊಂದು ತಾರೀಖು. ನನ್ನ ಗೆಳತಿ ಅದನ್ನು ಓದಿ ಇಟ್ಟುಕೊಂಡಿರಲಿಲ್ಲ, ಹೋದ ಊರಲ್ಲೆಲ್ಲ ಓದಿಸಿದ್ದಳು. ನಾನು ಪುಟ ತಿರುವುವುದನ್ನು ಕಂಡು ಆ ಹುಡುಗಿ ಅಂದಳು, "ಬೇಕಂದ್ರ ಒಯ್ರಿ ಮೌಶಿ. ಆದ್ರ ತಿರುಗಿ ಕೊಡ್ರಿ ಮತ್ತ, ಅವ್ವನ ಪುಸ್ತಕ ಅದು."

ನನ್ನದು ಅಂತ ಹೇಳುವುದು ಹೇಗೆ? "ಓದಿ ಕೊಡ್ತೇನಿ" ಅಂದೆ. ಹನ್ನೆರಡನೆಯ ಹೆಸರು ಬರೆದು, ತಾರೀಖು ಹಾಕಿ, ತಂದೆ.

ಇನ್ನೂ ಕೊಟ್ಟಿಲ್ಲ. ಆ ಹುಡುಗಿ ಈಗ ರೇಡಿಯೋ ಕೇಳುತ್ತಿದ್ದರೆ, ಓದುವುದು ಇನ್ನೂ ಸ್ವಲ್ಪ ಬಾಕಿ ಇದೆ ತಂಗಿ.