ಮಣ್ಣನ್ನು ತೊಳೆಯುವ ಗಿಡಗಳು

ಕೊಳೆಯಾದ ಬಟ್ಟೆಯನ್ನು ಒಗೆಯುತ್ತೇವೆ. ಕದಡಿದ ನೀರನ್ನು ಸೋಸುತ್ತೇವೆ. ಮಣ್ಣೇ ಕೆಟ್ಟರೆ ಅದನ್ನು ತೊಳೆಯುವುದು ಹೇಗೆ? ಪಟ್ಟಣವಾಸಿಗಳಾದ ನಮಗೆ ಇದು ರೈತರ ಚಿಂತೆಯೆಂದು ತೋರಬಹುದು. ಆದರೆ ವೃಷಭಾವತಿಯು ಬೆಂಗಳೂರಿನ ಚರಂಡಿಯ ನೀರನ್ನೂ ಕಾರ್ಖಾನೆಗಳ ಕಲ್ಮಷವನ್ನೂ ಹೊತ್ತು ಹರಿಯುತ್ತದೆ. ಕೆಳಗಣ ಹಳ್ಳಿಗಳವರು ಅದೇ ನೀರಿನಿಂದ ತರಕಾರಿಯನ್ನೂ ದನದ ಮೇವನ್ನೂ ಬೆಳೆಯುತ್ತಾರೆ. ನಾವು ಹೊರಚೆಲ್ಲಿದುದು ನಮ್ಮ ಊಟದ ಎಲೆಗೆ ಮರಳಿ ಬರುವ ದಾರಿ ಇದು.

ಸಗಣಿ, ತರಗು ಮೊದಲಾದುವು ಮಣ್ಣಿನಲ್ಲಿ ಕೊಳೆತು ಗೊಬ್ಬರವಾಗುತ್ತವೆ. ಸೀಸ, ಕ್ಯಾಡ್ಮಿಯಂ, ಪಾಷಾಣಗಳಿಗಾದರೋ ಆ ಗುಣವಿಲ್ಲ. ಮೂಲಧಾತುಗಳಾದುದರಿಂದ ಅವು ಎಷ್ಟು ಕಾಲವಾದರೂ ನಾಶವಾಗವು. ಅವನ್ನು ಹೊರಕ್ಕೆ ತೆಗೆಯಬೇಕು, ಇಲ್ಲವೆ ಅಲ್ಲಿಯೇ ಕಟ್ಟಿಹಾಕಬೇಕು. ಈ ಕೆಲಸಕ್ಕೆ ಕೆಲವು ಗಿಡಗಳು ಒದಗುತ್ತವೆಂಬುದೇ ಸೋಜಿಗ.

ಇಟಲಿಯ ಟಸ್ಕನಿ ಪ್ರಾಂತದಲ್ಲಿ ಬೆಳೆಯುವ, ಸಾಸಿವೆಯ ಕುಲಕ್ಕೆ ಸೇರಿದ ಚಿಕ್ಕ ಗಿಡವೊಂದು ನಿಕ್ಕಲ್ ಲೋಹವನ್ನು ತನ್ನಲ್ಲಿ ರಾಶಿಗೊಳಿಸುವ ಸಂಗತಿ 1948ರಲ್ಲಿ ಪ್ರಕಟವಾಯಿತು. 2001ರಲ್ಲಿ ಅಮೆರಿಕದ ಫ್ಲಾರಿಡಾದಿಂದ ಇನ್ನೂ ಬೆರಗಿನ ವಾರ್ತೆ ಬಂದಿತು. ಮರವು ಕೆಡದಂತೆ ಅದಕ್ಕೆ ಪಾಷಾಣ ಬೆರೆತ ದ್ರಾವಣವನ್ನು ಊಡಿಸಿದ್ದ ಸ್ಥಳವೊಂದರಲ್ಲಿ ಒಂದು ಜರೀಗಿಡ ಸೊಂಪಾಗಿ ಬೆಳೆದಿತ್ತು. ಅದು ಪಾಷಾಣವನ್ನು ಬೇರಿನಿಂದ ಹೀರಿ ಎಲೆಗಳಲ್ಲಿ ಕೂಡಿಡುತ್ತಿತ್ತು. ಪ್ರಯೋಗದಲ್ಲಿ ಅದರ ಪ್ರಮಾಣ ಒಣಗಿದ ಎಲೆಯ ತೂಕದ ನೂರರಲ್ಲಿ 2 ಭಾಗವನ್ನು ಮುಟ್ಟಿತು. ಟೆರಿಸ್ ವಿಟ್ಟಾಟ ಎಂಬ ಆ ಜರೀಗಿಡ ನಮ್ಮ ದೇಶದ ಹಳೆಯ ಗೋಡೆಗಳ ಬಿರುಕುಗಳಲ್ಲಿಯೂ ಬೆಳೆಯುವಂಥದೇ.

ಇಲ್ಲಿ ಎಚ್ಚರ ಬೇಕು. ಗಿಡ ವಿಷವನ್ನು ನುಂಗಿತೇ ಹೊರತು ನಾಶಮಾಡಲಿಲ್ಲ. ಕೊಯ್ದ ಎಲೆ ದನದ ಬಾಯಿಗೂ ಗೊಬ್ಬರದ ಗುಂಡಿಗೂ ಬೀಳಕೂಡದು. ಬಯಲಿನಲ್ಲಿ ಸುಡಲೂ ಕೂಡದು. ಸಾಸಿವೆ, ಸೂರ್ಯಕಾಂತಿಗಳೂ ಲೋಹಗಳನ್ನು ಹೀರಬಲ್ಲವು. ಮಣ್ಣು ತೊಳೆಯಲೆಂದು ಬೆಳೆದುದನ್ನು ಅಡುಗೆಮನೆಗೆ ತಂದರೆ ಶ್ರಮವೆಲ್ಲ ವ್ಯರ್ಥ. ಬೇರು ಇಳಿಯುವಷ್ಟು ಆಳಕ್ಕೆ ಮಾತ್ರ ಶುದ್ಧಿ. ಅದಕ್ಕೂ ಅನೇಕ ವರ್ಷಗಳು ಹಿಡಿಯುತ್ತವೆ.

ಇಷ್ಟು ಕಷ್ಟಪಟ್ಟು ತೊಳೆಯುವುದಕ್ಕಿಂತ ಹೊಸ ವಿಷವನ್ನು ಸೇರಿಸದಿರುವುದು ಲೇಸಲ್ಲವೆ? ಅದಕ್ಕೂ ಗಿಡಗಳೇ ಸಹಾಯ. ಬೇವಿನ ಹಿಂಡಿ ಗೊಬ್ಬರವೂ ಹೌದು, ಬೇರಿನ ಶತ್ರುಗಳಿಗೆ ಮದ್ದೂ ಹೌದು. ಚೆಂಡುಹೂವಿನ ಗಿಡದ ಬೇರಿನಲ್ಲಿರುವ ಒಂದು ವಸ್ತು ಬೇರುಗಂಟು ರೋಗವನ್ನುಂಟುಮಾಡುವ ಸೂಕ್ಷ್ಮ ಹುಳುಗಳನ್ನು ಕೊಲ್ಲುತ್ತದೆ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾಲಯವು 16 ಸಾಲು ಟೊಮೇಟೊಗೆ 1 ಸಾಲು ಚೆಂಡುಹೂವನ್ನು ನೆಡಲು ಹೇಳಿದೆ. 45 ದಿನದ ಚೆಂಡುಹೂವಿನ ಸಸಿಯನ್ನು 25 ದಿನದ ಟೊಮೇಟೊ ಸಸಿಯೊಡನೆ ನೆಟ್ಟರೆ ಎರಡೂ ಒಟ್ಟಿಗೆ ಹೂ ಬಿಡುತ್ತವೆ. ಕಾಯಿಕೊರಕದ ಪತಂಗವು ಚೆಂಡುಹೂವಿಗೆ ಮರುಳಾಗಿ ಅಲ್ಲಿಯೇ ಮೊಟ್ಟೆಯಿಡುತ್ತದೆ. ದೇವರ ಮುಡಿಗೇರುವ ಹೂವು ಹೊಲದ ಕಾವಲಿಗೂ ನಿಲ್ಲುತ್ತದೆ.

ಆದರೆ ತೊಟ್ಟಿಗೆ ಬೀಳುವ ನಲ್ಲಿಯನ್ನು ಬಿಟ್ಟುಕೊಂಡೇ ಚೊಂಬಿನಿಂದ ನೀರು ಮೊಗೆದರೆ ತೊಟ್ಟಿ ಬರಿದಾದೀತೆ? ಗಿಡಗಳು ತಮ್ಮ ಪಾಲಿನ ಕೆಲಸವನ್ನು ಮಾಡಿಯಾವು. ನಲ್ಲಿಯನ್ನು ನಿಲ್ಲಿಸುವುದು ನದಿಯ ಮೇಲ್ಗಡೆ ವಾಸಿಸುವ ನಮ್ಮ ಪಾಲಿನದು.